ಬಂಗುಡೆಗೆ ಒತ್ತಡದ ಚಿಕಿತ್ಸೆ: ಫ್ರೀಜರ್ ಮಾಡಲಾರದ್ದನ್ನು ನೀರು ಮಾಡುತ್ತದೆಯೇ?

ಫ್ರೀಜರ್ ಅಂದರೆ ಕಾಲವನ್ನು ನಿಲ್ಲಿಸುವ ಪೆಟ್ಟಿಗೆ ಅಂತ ನಮ್ಮಲ್ಲೊಂದು ನಂಬಿಕೆ ಇದೆ. ಒಳಗಿಟ್ಟದ್ದು ಇಟ್ಟ ಹಾಗೇ ಇರುತ್ತದೆ, ಮೂರು ತಿಂಗಳು ಬಿಟ್ಟು ತೆಗೆದರೂ ಅದೇ ಮೀನು. ಬಿಳಿ ಮಾಂಸದ, ಕೊಬ್ಬು ಕಡಿಮೆ ಇರುವ ಮೀನಿನ ಮಟ್ಟಿಗೆ ಈ ನಂಬಿಕೆ ಹೇಗೋ ನಡೆದುಕೊಂಡು ಹೋಗುತ್ತದೆ. ಬಂಗುಡೆ, ಬೂತಾಯಿ ವಿಷಯಕ್ಕೆ ಬಂದರೆ ಕೈಕೊಡುತ್ತದೆ. ತಿಂಗಳುಗಟ್ಟಲೆ ಫ್ರೀಜರ್‌ನಲ್ಲಿದ್ದ ಬಂಗುಡೆಯನ್ನು ಹುರಿದು ನೋಡಿದವರಿಗೆ ಗೊತ್ತು: ಮೇಲಿಂದ ಮೀನು ಸರಿಯಾಗೇ ಕಾಣುತ್ತದೆ, ಹಳಸಿದ ವಾಸನೆಯೂ ಇಲ್ಲ, ಆದರೆ ಬಾಯಿಗಿಟ್ಟರೆ ಹಳೇ ಎಣ್ಣೆಯ ಕಮಟು. ಮಾಂಸ ಹಿಂಡಿದ ಬಟ್ಟೆಯ ಹಾಗೆ ಒಣಗಿರುತ್ತದೆ. ಮಸಾಲೆ ಎಷ್ಟು ಹಾಕಿದರೂ ಆ ಕಮಟು ಹಿಂದಿನಿಂದ ಇಣುಕುತ್ತಲೇ ಇರುತ್ತದೆ.

ಇದು ಬ್ಯಾಕ್ಟೀರಿಯಾದ ಕೆಲಸ ಅಲ್ಲ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯೋದಿಲ್ಲ. ಮೀನು ಕೆಟ್ಟಿಲ್ಲ, ತಿಂದರೆ ಹೊಟ್ಟೆನೋವೂ ಬರಲಿಕ್ಕಿಲ್ಲ. ಆದರೆ ರುಚಿ ಹೋಗಿದೆ. ಈ ವ್ಯತ್ಯಾಸ ಅರ್ಥವಾದರೆ ಇವತ್ತಿನ ಲೇಖನದ ಅರ್ಧ ಮುಗಿದ ಹಾಗೆ. ಯಾಕೆಂದರೆ ನಾನು ಹೇಳಹೊರಟಿರುವ ತಂತ್ರಜ್ಞಾನ, ಅಂದರೆ ಮೀನನ್ನು ಫ್ರೀಜ್ ಮಾಡುವ ಮೊದಲು ಸಾವಿರಾರು ವಾತಾವರಣದಷ್ಟು ಒತ್ತಡಕ್ಕೆ ಒಡ್ಡುವ ವಿಧಾನ, ಕೆಲಸ ಮಾಡುವುದು ಈ ಎರಡನೇ ನಷ್ಟದ ಮೇಲೆ.

ಫ್ರೀಜರ್ ಒಳಗೆ ಏನಾಗುತ್ತದೆ ನೋಡೋಣ. ಮೀನಿನ ದೇಹದಲ್ಲಿ ಮುಕ್ಕಾಲು ಭಾಗದಷ್ಟು ನೀರು. ಅದು ಮೈನಸ್ 1ರ ಆಸುಪಾಸಿನಲ್ಲಿ ಗಟ್ಟಿಯಾಗಲು ಶುರುವಾಗಿ, ಮೈನಸ್ 5 ತಲುಪುವ ಹೊತ್ತಿಗೆ ಬಹುಪಾಲು ಮಂಜುಗಡ್ಡೆಯಾಗಿರುತ್ತದೆ. ಈ ದಾರಿಯನ್ನು ಮೀನು ಬೇಗ ದಾಟಿದರೆ ಹರಳುಗಳು ಸಣ್ಣವು, ನಿಧಾನವಾಗಿ ದಾಟಿದರೆ ದೊಡ್ಡವು. ನಿಮ್ಮ ಮನೆ ಫ್ರಿಡ್ಜಿನ ಮೇಲಿನ ಖಾನೆಯಲ್ಲಿ ಒಂದು ಕಿಲೋ ಮೀನನ್ನು ಕವರ್ ಸಮೇತ ತುರುಕಿದರೆ ಅದು ದಾಟುವುದು ಎತ್ತಿನಗಾಡಿ ವೇಗದಲ್ಲಿ. ದೊಡ್ಡ ಹರಳುಗಳು ಸ್ನಾಯುವಿನ ಎಳೆಗಳನ್ನು ಚುಚ್ಚಿ, ತಳ್ಳಿ ಹಾಳು ಮಾಡುತ್ತವೆ. ಕರಗಿಸಿದಾಗ ತಟ್ಟೆಯಲ್ಲಿ ನಿಲ್ಲುವ ನಸುಗೆಂಪು ನೀರು ಇದೆಯಲ್ಲ, ಅದೇ ಇದರ ಲೆಕ್ಕ. ರುಚಿ, ಪ್ರೋಟೀನು ಎಲ್ಲ ಅದರಲ್ಲಿ ಹರಿದುಹೋಗಿರುತ್ತದೆ.

ಇದಕ್ಕಿಂತ ಹಠಮಾರಿ ಸಮಸ್ಯೆ ಕೊಬ್ಬಿನದ್ದು. ಬಂಗುಡೆ, ಬೂತಾಯಿ ತಿನ್ನಿ ಅಂತ ಡಾಕ್ಟರು ಹೇಳುವುದು ಒಮೆಗಾ-3 ಕೊಬ್ಬಿಗಾಗಿ. ಈ ಕೊಬ್ಬಿನ ಅಣುಗಳಲ್ಲಿ ಜೋಡಿ ಬಂಧಗಳು ಹೆಚ್ಚು. ಆಮ್ಲಜನಕಕ್ಕೆ ಅಂಥ ಜಾಗ ಬಹಳ ಇಷ್ಟ. ಮೀನಿಗೆ ಒಳ್ಳೆಯ ಹೆಸರು ತಂದುಕೊಟ್ಟ ಗುಣವೇ ಅದು ಬೇಗ ಕಮಟಲು ಕಾರಣ. ಆದರೆ ಆಮ್ಲಜನಕ ಬರುವ ಮೊದಲೇ ಒಳಗೊಂದು ಕೆಲಸ ನಡೆಯುತ್ತಿರುತ್ತದೆ. ಲೈಪೇಸ್, ಫಾಸ್ಫೋಲೈಪೇಸ್ ಎಂಬ ಕಿಣ್ವಗಳು ಮೀನು ಸತ್ತ ಮೇಲೂ ಜೀವಂತ ಇದ್ದ ಹಾಗೇ ದುಡಿಯುತ್ತವೆ. ಕೊಬ್ಬಿನ ದೊಡ್ಡ ಅಣುವನ್ನು ಕತ್ತರಿಸಿ ಬಿಡಿ ಕೊಬ್ಬಿನಾಮ್ಲಗಳನ್ನಾಗಿ ಮಾಡುವುದು ಇವುಗಳ ಕೆಲಸ. ಮೈನಸ್ 18ರಲ್ಲಿ ಇವು ನಿಧಾನವಾಗುತ್ತವೆ, ನಿಲ್ಲುವುದಿಲ್ಲ. ಹೀಗೆ ಬಿಡಿಯಾದ ಕೊಬ್ಬಿನಾಮ್ಲಗಳು ಆಮ್ಲಜನಕಕ್ಕೆ ಇನ್ನೂ ಸುಲಭದ ತುತ್ತು. ಅಷ್ಟು ಸಾಲದು ಅಂತ, ಅವು ಪ್ರೋಟೀನಿಗೆ ಅಂಟಿಕೊಂಡು ಮಾಂಸವನ್ನು ಬಿರುಸು ಮಾಡುತ್ತವೆ.

ಒಂದು ವಿಷಯ ಗಮನಿಸಿ. ವ್ಯಾಕ್ಯೂಮ್ ಪ್ಯಾಕ್ ಮಾಡಿದರೆ ಆಮ್ಲಜನಕವನ್ನು ಹೊರಗಿಡಬಹುದು. ಮೀನಿನ ಮೇಲೆ ತೆಳ್ಳಗೆ ಮಂಜಿನ ಲೇಪ ಕೊಡುವ ಗ್ಲೇಜಿಂಗ್ ಕೂಡ ಅದನ್ನೇ ಮಾಡುತ್ತದೆ. ಆದರೆ ಲೈಪೇಸ್‌ಗೆ ಆಮ್ಲಜನಕ ಬೇಕಿಲ್ಲ. ಅದಕ್ಕೆ ಬೇಕಿರುವುದು ನೀರು, ಅದು ಮೀನಿನೊಳಗೇ ಇದೆ. ಹಾಗಾಗಿ ಪ್ಯಾಕೆಟ್ ಎಷ್ಟೇ ಚೆನ್ನಾಗಿದ್ದರೂ ಒಳಗಿನ ಕತ್ತರಿ ಓಡುತ್ತಲೇ ಇರುತ್ತದೆ. ಅದನ್ನು ನಿಲ್ಲಿಸಲು ಬಿಸಿ ಮಾಡಬಹುದು, ಆದರೆ ಬಿಸಿ ಮಾಡಿದರೆ ಮೀನು ಬೇಯುತ್ತದೆ. ಬೇಯಿಸದೆ ಕಿಣ್ವದ ಕೈ ಕಟ್ಟುವುದು ಹೇಗೆ? ಒತ್ತಡ ಬರುವುದು ಇಲ್ಲಿ.

ಈ ಯೋಚನೆ ಹೊಸದಲ್ಲ. 1899ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಕೃಷಿ ಪ್ರಯೋಗ ಕೇಂದ್ರದಲ್ಲಿ ಬರ್ಟ್ ಹೈಟ್ ಎಂಬ ರಸಾಯನಶಾಸ್ತ್ರಜ್ಞ ಹಾಲಿನ ಮೇಲೆ ಭಾರಿ ಒತ್ತಡ ಹಾಕಿ, ಅದು ಹೆಚ್ಚು ದಿನ ಹುಳಿಯಾಗದೆ ಉಳಿಯುತ್ತದೆ ಅಂತ ತೋರಿಸಿದ್ದರು. 1914ರಲ್ಲಿ ಪರ್ಸಿ ಬ್ರಿಜ್‌ಮನ್ ಮೊಟ್ಟೆಯ ಬಿಳಿಭಾಗವನ್ನು ಬೆಂಕಿಯೇ ಇಲ್ಲದೆ, ಬರೀ ಒತ್ತಡದಿಂದ ಗಟ್ಟಿ ಮಾಡಿದರು. ಹೆಚ್ಚಿನ ಒತ್ತಡದ ಭೌತಶಾಸ್ತ್ರಕ್ಕಾಗಿ 1946ರಲ್ಲಿ ನೊಬೆಲ್ ಪಡೆದವರು ಇವರೇ. ಆದರೆ ಅಂಥ ಒತ್ತಡವನ್ನು ದಿನಕ್ಕೆ ನೂರಾರು ಸಲ ತಾಳುವ ಪಾತ್ರೆ ಮಾಡಲು ಕಾರ್ಖಾನೆಗಳಿಗೆ ಮುಕ್ಕಾಲು ಶತಮಾನ ಬೇಕಾಯಿತು. 1990ರಲ್ಲಿ ಜಪಾನಿನಲ್ಲಿ ಒತ್ತಡ ಹಾಕಿದ ಹಣ್ಣಿನ ಜಾಮ್ ಅಂಗಡಿಗೆ ಬಂತು. 1999ರ ಹೊತ್ತಿಗೆ ಅಮೆರಿಕದ ಲೂಸಿಯಾನದಲ್ಲಿ ಸಿಂಪಿಗಳಿಗೆ ಇದನ್ನು ಬಳಸತೊಡಗಿದರು. ಅಲ್ಲೊಂದು ಬೋನಸ್ಸೂ ಸಿಕ್ಕಿತು. ಒತ್ತಡಕ್ಕೆ ಸಿಂಪಿಯ ಚಿಪ್ಪು ಹಿಡಿದಿಟ್ಟುಕೊಳ್ಳುವ ಸ್ನಾಯು ಸಡಿಲಾಗಿ ಚಿಪ್ಪು ತಾನಾಗೇ ಬಿಡುತ್ತದೆ. ಚಾಕು ಹಾಕಿ ಬಿಡಿಸುವ ಕೂಲಿ ಉಳಿಯಿತು, ವಿಬ್ರಿಯೊ ಎಂಬ ಅಪಾಯಕಾರಿ ಬ್ಯಾಕ್ಟೀರಿಯಾವೂ ಹೋಯಿತು. ನಮ್ಮಲ್ಲಿ ಎಚ್‌ಪಿಪಿ ಎಂಬ ಮೂರಕ್ಷರ ಕಂಡಿದ್ದರೆ ಅದು ಬಹುಶಃ ದುಬಾರಿ ಜ್ಯೂಸ್ ಬಾಟಲಿಯ ಮೇಲೆ. ಹೈ ಪ್ರೆಶರ್ ಪ್ರೊಸೆಸಿಂಗ್ ಅಂತ ಅದರ ಪೂರ್ತಿ ಹೆಸರು.

ಒತ್ತಡ ಎಷ್ಟು ಅಂತ ಹೇಳದೆ ಮುಂದೆ ಹೋದರೆ ಪ್ರಯೋಜನ ಇಲ್ಲ. ಮನೆಯ ಕುಕ್ಕರ್ ಒಳಗೆ ಇರುವುದು ಸುಮಾರು 2 ವಾತಾವರಣದಷ್ಟು ಒತ್ತಡ. ಸಮುದ್ರದ ಅತಿ ಆಳದ ಜಾಗ ಮರಿಯಾನಾ ಕಂದಕದಲ್ಲಿ, ಹತ್ತಿರ ಹತ್ತಿರ 11 ಕಿಲೋಮೀಟರ್ ಕೆಳಗೆ, ಸುಮಾರು 1,100 ವಾತಾವರಣ. ಮೀನಿಗೆ ಹಾಕುವ ಒತ್ತಡ 150ರಿಂದ 450 ಮೆಗಾಪಾಸ್ಕಲ್, ಅಂದರೆ ಸುಮಾರು 1,500ರಿಂದ 4,500 ವಾತಾವರಣ. 300 ಮೆಗಾಪಾಸ್ಕಲ್ ಅಂದರೆ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ 3 ಟನ್ ಭಾರ. ಎರಡು ಕಾರು ಅಂದುಕೊಳ್ಳಿ.

ಹಾಗಾದರೆ ಬಂಗುಡೆ ಅಪ್ಪಚ್ಚಿ ಆಗಬೇಕಲ್ಲ? ಆಗೋದಿಲ್ಲ. ಒತ್ತುವುದು ಕಬ್ಬಿಣದ ಹಲಗೆ ಅಲ್ಲ, ನೀರು. ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಸೀಲ್ ಮಾಡಿ, ನೀರು ತುಂಬಿದ ಉಕ್ಕಿನ ಕೊಳವೆಯೊಳಗೆ ಇಡುತ್ತಾರೆ. ಪಂಪ್ ಇನ್ನಷ್ಟು ನೀರನ್ನು ಒಳಗೆ ತಳ್ಳುತ್ತದೆ. ಹೈಸ್ಕೂಲಿನಲ್ಲಿ ಓದಿದ ಪಾಸ್ಕಲ್ ನಿಯಮದಂತೆ ಒತ್ತಡ ಎಲ್ಲ ದಿಕ್ಕಿನಿಂದಲೂ ಸಮನಾಗಿ, ಅದೇ ಕ್ಷಣಕ್ಕೆ ಬೀಳುತ್ತದೆ. ಒಂದು ಕಡೆಯಿಂದ ಒತ್ತಿದರೆ ತಾನೇ ಜಜ್ಜಿಹೋಗುವುದು? ಮೀನು ಸ್ವಲ್ಪ ಕುಗ್ಗುತ್ತದೆ, ಒತ್ತಡ ಬಿಟ್ಟಾಗ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಬಿಸಿಯಾಗುವುದೂ ಅಲ್ಪ, ನೀರಿನಲ್ಲಿ ಪ್ರತಿ 100 ಮೆಗಾಪಾಸ್ಕಲ್‌ಗೆ ಸುಮಾರು 3 ಡಿಗ್ರಿ. ಇಡೀ ಕೆಲಸ ಕೆಲವೇ ನಿಮಿಷದ್ದು.

ಈ ಒತ್ತಡ ಅಣುಗಳ ಮಟ್ಟದಲ್ಲಿ ಮಾಡುವುದು ಒಂದು ಥರ ಆಯ್ದ ಹಿಂಸೆ. ವಿಟಮಿನ್, ಒಮೆಗಾ-3ಯಂಥ ಸಣ್ಣ ಅಣುಗಳ ಗಟ್ಟಿ ಬಂಧಗಳನ್ನು ಅದು ಮುರಿಯಲಾರದು. ಆದರೆ ಪ್ರೋಟೀನು ಅಂದರೆ ಉದ್ದನೆಯ ದಾರವನ್ನು ಒಂದು ನಿರ್ದಿಷ್ಟ ಆಕಾರಕ್ಕೆ ಮಡಚಿಟ್ಟ ಹಾಗೆ. ಆ ಮಡಿಕೆಯನ್ನು ಹಿಡಿದಿಡುವುದು ದುರ್ಬಲ ಬಂಧಗಳು, ಅವು ಒತ್ತಡಕ್ಕೆ ಬಿಚ್ಚಿಕೊಳ್ಳುತ್ತವೆ. ಕಿಣ್ವವೂ ಪ್ರೋಟೀನೇ. ಆಕಾರ ಹೋದರೆ ಅದರ ಕತ್ತರಿಯ ಹರಿತವೂ ಹೋಯಿತು.

ಸಿದ್ಧಾಂತ ಹೀಗೆ. ಮೀನಿನ ಮೇಲೆ ಮಾಡಿ ನೋಡಿದವರು ಸ್ಪೇನಿನವರು. ವಿಗೊ ಅಂತ ಒಂದು ಊರಿದೆ, ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾ ಪ್ರಾಂತ್ಯದಲ್ಲಿ. ಯುರೋಪಿನ ದೊಡ್ಡ ಮೀನುಗಾರಿಕೆ ಬಂದರುಗಳಲ್ಲೊಂದು. ಕ್ಯಾನಿಂಗ್, ಫ್ರೀಜಿಂಗ್ ಅಲ್ಲಿನವರ ಅನ್ನ. ಅಲ್ಲಿನ ಸಾಗರ ಸಂಶೋಧನಾ ಸಂಸ್ಥೆಯ ಸಾಂತಿಯಾಗೊ ಔಬರ್ಗ್ ಮತ್ತು ಸಂಗಡಿಗರು, ಸಾಂತಿಯಾಗೊ ದೆ ಕಾಂಪೊಸ್ಟೆಲಾ, ಪೋರ್ಚುಗಲ್ಲಿನ ಅವೇರೊ, ಅಮೆರಿಕದ ಒರೆಗಾನ್‌ನಂಥ ವಿಶ್ವವಿದ್ಯಾಲಯಗಳವರ ಜೊತೆ ಸೇರಿ ವರ್ಷಗಟ್ಟಲೆ ಈ ಒಂದೇ ಪ್ರಶ್ನೆಯ ಹಿಂದೆ ಬಿದ್ದರು. ಅವರು ಆರಿಸಿಕೊಂಡ ಮೀನು ಅಟ್ಲಾಂಟಿಕ್ ಮ್ಯಾಕೆರೆಲ್. ನಮ್ಮ ಬಂಗುಡೆಯ ಕುಟುಂಬದ್ದೇ. ಜೊತೆಗೆ ಹಾರ್ಸ್ ಮ್ಯಾಕೆರೆಲ್, ಆಮೇಲೆ ಸಾರ್ಡೀನ್.

ಪ್ರಯೋಗದ ವಿನ್ಯಾಸ ನನಗೆ ಹಿಡಿಸಿತು, ಯಾಕೆಂದರೆ ಅದರಲ್ಲಿ ಒಂದು ಕಿಲಾಡಿತನ ಇದೆ. ಮೀನಿಗೆ 150, 300, 450 ಮೆಗಾಪಾಸ್ಕಲ್ ಒತ್ತಡ ಹಾಕಿದರು. ಆ ಒತ್ತಡದಲ್ಲಿ ಹಿಡಿದಿಟ್ಟ ಹೊತ್ತು ಸೊನ್ನೆ, ಎರಡೂವರೆ, ಇಲ್ಲವೇ 5 ನಿಮಿಷ. ಆಮೇಲೆ ಫ್ರೀಜ್ ಮಾಡಿ, ಮೈನಸ್ 18ರಲ್ಲಲ್ಲ, ಬೇಕೆಂದೇ ಮೈನಸ್ 10ರಲ್ಲಿ ಮೂರು ತಿಂಗಳು ಇಟ್ಟರು. ಕಿಣ್ವಗಳಿಗೆ ಓಡಾಡಲು ಜಾಗ ಕೊಟ್ಟು, ಕೆಡುವುದನ್ನು ಬೇಗ ಮಾಡಿಸಿ ನೋಡುವುದು ಉದ್ದೇಶ. ನಮ್ಮ ದೇಶದ ಎಷ್ಟೋ ಐಸ್‌ಕ್ರೀಮ್ ಅಂಗಡಿಗಳ ಫ್ರೀಜರ್ ಪರಿಸ್ಥಿತಿ ಇದಕ್ಕಿಂತ ಬಹಳ ಭಿನ್ನವಲ್ಲ ಅನ್ನುವುದು ಬೇರೆ ಮಾತು.

ಫಲಿತಾಂಶದಲ್ಲಿ ಎದ್ದು ಕಂಡದ್ದು ಬಿಡಿ ಕೊಬ್ಬಿನಾಮ್ಲ. ಒತ್ತಡ ಹಾಕದ ಮೀನಿನಲ್ಲಿ ಅದು ತಿಂಗಳಿಂದ ತಿಂಗಳಿಗೆ ಏರಿತು. ಒತ್ತಡ ಹೆಚ್ಚಿದಂತೆಲ್ಲ ಆ ಏರಿಕೆ ತಗ್ಗಿತು, 450ರಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ. ಅಂದರೆ ಫ್ರೀಜರ್ ನಿಲ್ಲಿಸಲಾರದ ಕತ್ತರಿಯನ್ನು, ಫ್ರೀಜರ್‌ಗೆ ಹೋಗುವ ಮೊದಲಿನ ಕೆಲವು ನಿಮಿಷದ ಒತ್ತಡ ಬಹುಮಟ್ಟಿಗೆ ಮೊಂಡು ಮಾಡಿತು. ಆಮ್ಲಜನಕದಿಂದಾಗುವ ಕಮಟಿನ ಮೇಲೆ ಮಾತ್ರ ಒತ್ತಡದ ಪರಿಣಾಮ ಇಷ್ಟು ನೇರವಾಗಿಲ್ಲ. ಮಾಂಸದ ಕೆಂಪು ಬಣ್ಣಕ್ಕೆ ಕಾರಣವಾದ ಮಯೋಗ್ಲೋಬಿನ್‌ನಲ್ಲಿ ಕಬ್ಬಿಣ ಇದೆ. ಒತ್ತಡ ಅತಿಯಾದರೆ ಆ ಪ್ರೋಟೀನು ಬಿಚ್ಚಿಕೊಂಡು ಕಬ್ಬಿಣ ಹೊರಬೀಳುತ್ತದೆ, ಅದೇ ಕೊಬ್ಬು ಕಮಟಲು ಕುಮ್ಮಕ್ಕು ಕೊಡುತ್ತದೆ. ಅದಕ್ಕೇ ಒತ್ತಡ ಹಾಕಿದ ಮೀನಿಗೂ ಒಳ್ಳೆಯ ವ್ಯಾಕ್ಯೂಮ್ ಪ್ಯಾಕ್ ಬೇಕೇ ಬೇಕು. ಒಂದು ಕತ್ತರಿಯನ್ನು ನಿಲ್ಲಿಸುತ್ತದೆ, ಇನ್ನೊಂದು ಗಾಳಿಯನ್ನು ತಡೆಯುತ್ತದೆ. ಒಂದರ ಬದಲು ಇನ್ನೊಂದು ಅಲ್ಲ.

ಎಡವಟ್ಟು ಇರುವುದು ಬಣ್ಣದಲ್ಲಿ. ಕಿಣ್ವದ ಪ್ರೋಟೀನು ಬಿಚ್ಚಿದ ಒತ್ತಡ ಸ್ನಾಯುವಿನ ಪ್ರೋಟೀನನ್ನು ಸುಮ್ಮನೆ ಬಿಟ್ಟೀತೇ? 150ರ ಆಚೆ ಹೋದಂತೆ ಮೀನಿನ ಮಾಂಸ ತನ್ನ ಹೊಳಪು, ಪಾರದರ್ಶಕತೆ ಕಳೆದುಕೊಂಡು ಹಾಲಿನ ಹಾಗೆ ಬೆಳ್ಳಗಾಗುತ್ತದೆ. 450ಕ್ಕೆ ಬಂದರೆ ಬಿಸಿನೀರು ಹೊಯ್ದು ತೆಗೆದ ಮೀನಿನ ಥರ ಕಾಣುತ್ತದೆ. ಹಸಿ ಮೀನೂ ಅಲ್ಲ, ಬೆಂದದ್ದೂ ಅಲ್ಲ. ಕೊಬ್ಬಿನ ದೃಷ್ಟಿಯಿಂದ ಯಾವ ಒತ್ತಡ ಅತ್ಯುತ್ತಮವೋ, ಕಣ್ಣಿನ ದೃಷ್ಟಿಯಿಂದ ಅದು ಅತ್ಯಂತ ಕೆಟ್ಟದ್ದು. ಹಸಿ ಮೀನಾಗಿ ಮಾರಬೇಕಾದರೆ 150ರ ಆಸುಪಾಸಿನಲ್ಲೇ ರಾಜಿ ಮಾಡಿಕೊಳ್ಳಬೇಕು, ಅಲ್ಲಿ ಲಾಭ ಇದೆ, ಆದರೆ ಪೂರ್ತಿ ಇಲ್ಲ. ಅದಕ್ಕೇ ಇರಬೇಕು, ಔಬರ್ಗ್ ಅವರ ಬಳಗ ಮುಂದೆ ಸಾರ್ಡೀನಿನ ಮೇಲೆ ಕಡಿಮೆ ಒತ್ತಡಗಳನ್ನೇ ಪರೀಕ್ಷಿಸಿತು. ಫ್ರೀಜ್ ಆಗಿ ಆಮೇಲೆ ಡಬ್ಬಿಗೆ ಹೋಗುವ ಮ್ಯಾಕೆರೆಲ್ ಮೇಲೂ ಪ್ರಯೋಗ ಮಾಡಿತು. ಡಬ್ಬಿಯಲ್ಲಿ ಹೇಗೂ ಬೇಯುವ ಮೀನಿಗೆ ಬಣ್ಣದ ಹಂಗಿಲ್ಲವಲ್ಲ.

ಈ ತರ್ಕವನ್ನು ಕರಾವಳಿಗೆ ತಂದರೆ ತಮಾಷೆಯಾಗಿದೆ. ಪುಳಿಮುಂಚಿಯಲ್ಲಿ ಮುಳುಗಿದ ಬಂಗುಡೆಯ ಮಾಂಸ ಹಸಿಯಾಗಿದ್ದಾಗ ಎಷ್ಟು ಪಾರದರ್ಶಕ ಇತ್ತು ಅಂತ ಯಾರು ಕೇಳುತ್ತಾರೆ? ಅಡುಗೆಗೆ ತೊಂದರೆಯೇ ಇಲ್ಲ. ತೊಂದರೆ ಇರುವುದು ಕೊಳ್ಳುವಾಗ. ನಮ್ಮವರು ಮೀನು ಕೊಳ್ಳುವುದೇ ಕಿವಿರು ಎತ್ತಿ ಕೆಂಪು ನೋಡಿ, ಕಣ್ಣು ನೋಡಿ, ಬೆರಳಲ್ಲಿ ಒತ್ತಿ. ಮಾರುವ ಅಕ್ಕನಿಗೂ ಕೊಳ್ಳುವವರಿಗೂ ಒಪ್ಪಿತವಾದ ಪರೀಕ್ಷೆ ಅದು. ಒತ್ತಡ ಹಾಕಿದ ಮೀನು ಈ ಪರೀಕ್ಷೆಯಲ್ಲಿ ಫೇಲ್. ಹಾಗಾಗಿ ಇಂಥ ಮೀನು ಬುಟ್ಟಿಗೆ ಬರುವುದಿಲ್ಲ. ಬಂದರೆ ಕತ್ತರಿಸಿ, ಮಸಾಲೆ ಹಚ್ಚಿ, ಪ್ಯಾಕೆಟ್ಟಿನಲ್ಲಿ ಬೆಂಗಳೂರಿನ ಸೂಪರ್ ಮಾರ್ಕೆಟ್ಟಿಗೆ ಬರುತ್ತದೆ. ಅದರ ಲಾಭ ಯಾರಿಗೆ ಹೋಗುತ್ತದೆ ಅನ್ನುವ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಅದಕ್ಕೂ ಮೊದಲು ಒತ್ತಡದ ಇನ್ನೊಂದು ಆಟ ಹೇಳಲೇಬೇಕು, ಅದು ಭೌತಶಾಸ್ತ್ರದ ದೃಷ್ಟಿಯಿಂದ ಬಹಳ ಚಂದ. ಇಲ್ಲಿಯವರೆಗೆ ಹೇಳಿದ್ದು ಒತ್ತಡ ಹಾಕಿ, ಬಿಟ್ಟು, ಆಮೇಲೆ ಮಾಮೂಲಿ ಫ್ರೀಜ್ ಮಾಡುವ ವಿಧಾನ. ಒತ್ತಡವನ್ನೇ ಫ್ರೀಜ್ ಮಾಡಲು ಬಳಸಿದರೆ? ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಒತ್ತಡದಲ್ಲಿ ಹಿಗ್ಗಲು ಜಾಗ ಇಲ್ಲ, ಹಾಗಾಗಿ ನೀರು ನೀರಾಗೇ ಉಳಿಯುತ್ತದೆ. ಸುಮಾರು 210 ಮೆಗಾಪಾಸ್ಕಲ್‌ನಲ್ಲಿ ನೀರು ಹೆಪ್ಪುಗಟ್ಟುವುದು ಮೈನಸ್ 22 ಡಿಗ್ರಿಯಲ್ಲಿ. ಈ ನಕ್ಷೆ ಬರೆದವರೂ ಅದೇ ಬ್ರಿಜ್‌ಮನ್. ಈಗ 200 ಮೆಗಾಪಾಸ್ಕಲ್‌ನಲ್ಲಿ ಮೀನನ್ನು ಮೈನಸ್ 20ಕ್ಕೆ ತನ್ನಿ. ಒಳಗಿನ ನೀರು ಇನ್ನೂ ದ್ರವ. ಆಗ ಒತ್ತಡವನ್ನು ತಟ್ಟನೆ ಬಿಟ್ಟುಬಿಡಿ. ಮೈನಸ್ 20ರಲ್ಲಿ ದ್ರವವಾಗಿರಲು ನೀರಿಗೆ ಈಗ ಯಾವ ಹಕ್ಕೂ ಇಲ್ಲ. ಮೀನಿನ ಹೊರಗೂ ಒಳಗೂ, ಎಲ್ಲ ಕಡೆ, ಒಂದೇ ಸಲಕ್ಕೆ ಅಸಂಖ್ಯ ಸಣ್ಣ ಹರಳುಗಳು ಹುಟ್ಟುತ್ತವೆ.

ಆ ಕ್ಷಣಕ್ಕೆ ಎಲ್ಲ ನೀರೂ ಗಟ್ಟಿಯಾಗುವುದಿಲ್ಲ. ಲೆಕ್ಕ ಹಾಕಿ: ಒಂದು ಗ್ರಾಂ ನೀರು ಮಂಜಾಗುವಾಗ ಬಿಡುವ ಶಾಖ 334 ಜೂಲ್, 20 ಡಿಗ್ರಿ ತಣ್ಣಗಿದ್ದ ನೀರು ಹೀರಿಕೊಳ್ಳಬಲ್ಲದ್ದು 84 ಜೂಲ್. ಅಂದರೆ ಹೆಚ್ಚೆಂದರೆ ಕಾಲುಭಾಗ. ಮಿಕ್ಕಿದ್ದನ್ನು ಫ್ರೀಜರ್ ಮುಗಿಸಬೇಕು. ಆದರೆ ಬೀಜಗಳು ಎಲ್ಲೆಡೆ ಬಿತ್ತಿಯಾಗಿದೆ, ದೊಡ್ಡ ಹರಳು ಬೆಳೆಯಲು ಜಾಗವೇ ಉಳಿದಿಲ್ಲ. ಪ್ರಯೋಗಾಲಯದಲ್ಲಿ ಇದು ಸೊಗಸಾಗಿ ನಡೆಯುತ್ತದೆ, ಕಾರ್ಖಾನೆಗೆ ಬರುವುದು ಕಷ್ಟ. ಒತ್ತಡದ ಪಾತ್ರೆಯನ್ನೇ ಮೈನಸ್ 20ರಲ್ಲಿ ಓಡಿಸಬೇಕು, ದಪ್ಪ ಗೋಡೆಯ ಮೂಲಕ ಶಾಖ ತೆಗೆಯುತ್ತಾ ಮೀನು ತಣ್ಣಗಾಗುವವರೆಗೆ ಕಾಯಬೇಕು, ಆ ಚಳಿಯಲ್ಲಿ ಉಕ್ಕೂ ಪೆಡಸಾಗುತ್ತದೆ. ಐದು ನಿಮಿಷದ ಕೆಲಸ ಗಂಟೆಗಟ್ಟಲೆ ಎಳೆದರೆ ಕೋಟಿಗಟ್ಟಲೆಯ ಮೆಷಿನ್ನಿನ ಬಡ್ಡಿ ಕಟ್ಟುವವರು ಯಾರು?

ಕೋಟಿಗಟ್ಟಲೆ ಅಂದೆ. ಯಾಕೆ ಅಷ್ಟು ದುಬಾರಿ ಅಂತ ಇಂಜಿನಿಯರಿಂಗ್‌ನಲ್ಲಿ ಥಿಕ್ ಸಿಲಿಂಡರ್ ಲೆಕ್ಕ ಮಾಡಿದವರಿಗೆ ಬೇಗ ಹೊಳೆಯುತ್ತದೆ. ಒತ್ತಡ ಒಂದು ಮಟ್ಟ ದಾಟಿದ ಮೇಲೆ ಗೋಡೆಯನ್ನು ಎಷ್ಟು ದಪ್ಪ ಮಾಡಿದರೂ ಒಳಮೈಗೆ ಬೀಳುವ ಎಳೆತ ಕಡಿಮೆಯಾಗುವುದಿಲ್ಲ. ಅದಕ್ಕೆ ಪಾತ್ರೆಯ ಸುತ್ತ ಉಕ್ಕಿನ ತಂತಿಯನ್ನು ಬಿಗಿಯಾಗಿ ಪದರ ಪದರವಾಗಿ ಸುತ್ತುತ್ತಾರೆ. ಮೊದಲೇ ಹಿಸುಕಿಟ್ಟ ಪಾತ್ರೆ ಒಳಗಿನ ಒತ್ತಡಕ್ಕೆ ಹಿಗ್ಗುವ ಬದಲು ಸಡಿಲಾಗುತ್ತದೆ ಅಷ್ಟೇ. ದಿನಕ್ಕೆ ನೂರು ಸಲ, ವರ್ಷಕ್ಕೆ ಸಾವಿರಾರು ಸಲ ಈ ಉಸಿರಾಟ ನಡೆದಾಗ ಲೋಹಕ್ಕೆ ಆಯಾಸವಾಗಿ ಬಿರುಕು ಬಿಡಬಾರದು. ಇದನ್ನು ಮಾಡುವ ಕಂಪನಿಗಳು ಜಗತ್ತಿನಲ್ಲಿ ಬೆರಳೆಣಿಕೆಯವು, ಸ್ಪೇನಿನ ಬುರ್ಗೊಸ್‌ನಲ್ಲಿರುವ ಹೈಪರ್‌ಬಾರಿಕ್ ಅವುಗಳಲ್ಲೊಂದು.

ಕರೆಂಟು ಬಿಲ್ ಬಗ್ಗೆ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಒತ್ತಡಕ್ಕೆ ಬೇಕಾಗುವ ಶಕ್ತಿ ಬಹಳ ಕಮ್ಮಿ. ನೀರು ಅಷ್ಟು ಸುಲಭಕ್ಕೆ ಕುಗ್ಗದ ವಸ್ತು, 300 ಮೆಗಾಪಾಸ್ಕಲ್‌ನಲ್ಲೂ ಸುಮಾರು 10 ಶೇಕಡಾ ಮಾತ್ರ. ಒತ್ತಡ ಇಂಟು ಕುಗ್ಗಿದ ಗಾತ್ರ, ಅದರ ಅರ್ಧ: ಲೀಟರಿಗೆ ಸುಮಾರು 15 ಕಿಲೋಜೂಲ್. ಅದೇ ಲೀಟರ್ ನೀರನ್ನು ಮೂರೂವರೆ ಡಿಗ್ರಿ ಬಿಸಿ ಮಾಡಲು ಸಾಕಾಗುವಷ್ಟು. ಪಂಪಿನ ನಷ್ಟ, ಪಾತ್ರೆಯಲ್ಲಿ ಮೀನಿನ ಜೊತೆ ತುಂಬುವ ನೀರು ಎಲ್ಲ ಸೇರಿಸಿ ನಾಲ್ಕೈದು ಪಟ್ಟು ಮಾಡಿದರೂ, ಅದೇ ಒಂದು ಕಿಲೋ ಮೀನನ್ನು ಮೈನಸ್ 18ಕ್ಕೆ ಇಳಿಸಲು ಹೊರತೆಗೆಯಬೇಕಾದ 300ಕ್ಕೂ ಹೆಚ್ಚು ಕಿಲೋಜೂಲ್ ಶಾಖದ ಮುಂದೆ ಇದು ಸಣ್ಣದೇ. ಆಮೇಲೆ ತಿಂಗಳುಗಟ್ಟಲೆ ಫ್ರೀಜರ್ ಓಡಿಸುವ ಕರೆಂಟು ಬೇರೆ. ಅಂದರೆ ಈ ತಂತ್ರಜ್ಞಾನದ ಅರ್ಥಶಾಸ್ತ್ರ ಪೂರ್ತಿ ನಿಂತಿರುವುದು ಬಂಡವಾಳದ ಮೇಲೆ, ಮೆಷಿನ್ ಎಷ್ಟು ಗಂಟೆ ಓಡುತ್ತದೆ ಅನ್ನುವುದರ ಮೇಲೆ.

ಈಗ ಮಲ್ಪೆಯ ದಕ್ಕೆಗೆ ಬನ್ನಿ. 300 ಲೀಟರಿನ ಪಾತ್ರೆ ಇದೆ ಅಂತಿಟ್ಟುಕೊಳ್ಳಿ, ಅರ್ಧ ಮೀನು ಅರ್ಧ ನೀರು ಅಂದರೂ ಸಲಕ್ಕೆ 150 ಕಿಲೋ. ತುಂಬುವುದು, ಒತ್ತುವುದು, ಖಾಲಿ ಮಾಡುವುದು ಸೇರಿ ಗಂಟೆಗೆ ಎಂಟು ಸಲ ಆದರೆ 1,200 ಕಿಲೋ. ಕೇಳಲು ದೊಡ್ಡದು. ಆದರೆ ಬಂಗುಡೆ ಹಾಗೆ ಬರುವುದಿಲ್ಲವಲ್ಲ? ಬಂದರೆ ಒಂದೇ ಬೆಳಗ್ಗೆ ಹತ್ತಾರು ಪರ್ಸೀನ್ ಬೋಟುಗಳು ಟನ್‌ಗಟ್ಟಲೆ ಸುರಿಯುತ್ತವೆ, ದರ ನೆಲಕ್ಕೆ ಬೀಳುತ್ತದೆ, ಉಳಿದದ್ದು ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಬಾರದಿದ್ದರೆ ವಾರಗಟ್ಟಲೆ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದರ ಬಿದ್ದ ದಿನ ಎಲ್ಲ ಬಂಗುಡೆಯನ್ನೂ ಒತ್ತಿ ಫ್ರೀಜ್ ಮಾಡಿ, ಮಳೆಗಾಲಕ್ಕೆ ಮಾರೋಣ ಅನ್ನುವುದು ಕಾಗದದ ಮೇಲೆ ಆಕರ್ಷಕ. ಆದರೆ ಆ ಒಂದು ದಿನದ ಪ್ರವಾಹಕ್ಕೆ ಈ ಪಾತ್ರೆ ಸಾಲದು, ಮಿಕ್ಕ ದಿನಕ್ಕೆ ಇದು ಅತಿಯಾಯಿತು.

ಇನ್ನೊಂದು ಮಿತಿಯನ್ನು ಮೆಷಿನ್ ಮಾರುವವರು ಮೊದಲ ಪುಟದಲ್ಲಿ ಹೇಳಲಿಕ್ಕಿಲ್ಲ. ಬಂಗುಡೆ, ಬೂತಾಯಿ, ಕೇದರದಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲ ಹೆಚ್ಚು. ಮೀನು ಬಿಸಿಲಲ್ಲಿ, ಐಸಿಲ್ಲದೆ ಬಿದ್ದಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮೀನ್ ಆಗಿ ಬದಲಿಸುತ್ತದೆ. ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುವ ಆ ಮೀನಿನ ವಿಷ ಇದೇ. ಒಮ್ಮೆ ಹಿಸ್ಟಮೀನ್ ಆಯಿತು ಅಂದರೆ ಮುಗಿಯಿತು. ಬೇಯಿಸಿದರೆ ಹೋಗುವುದಿಲ್ಲ, ಫ್ರೀಜ್ ಮಾಡಿದರೆ ಹೋಗುವುದಿಲ್ಲ, 450 ಮೆಗಾಪಾಸ್ಕಲ್‌ಗೂ ಹೋಗುವುದಿಲ್ಲ. ಅದು ಸಣ್ಣ ಅಣು, ಒತ್ತಡ ಮುಟ್ಟುವುದು ದೊಡ್ಡವರನ್ನು ಮಾತ್ರ. ಬೋಟಿನಲ್ಲಿ ಐಸ್ ಸಾಲದೆ ಅರ್ಧ ದಿನ ಕಳೆದ ಮೀನನ್ನು ತಂದು ಒತ್ತಡಕ್ಕೆ ಹಾಕಿದರೆ, ನೀವು ಕಾಪಾಡಿದ್ದು ಆ ಹಾಳು ಗುಣಮಟ್ಟವನ್ನೇ.

ಹಾಗಂತ ನಮಗಿದು ಬೇಡವೇ ಬೇಡ ಅಂತ ನನ್ನ ವಾದ ಅಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ದಶಕದ ಹಿಂದೆಯೇ ಬಿಳಿ ಸಿಗಡಿ ಮತ್ತು ಕೇದರದ ತುಂಡುಗಳ ಮೇಲೆ ಒತ್ತಡದ ಪ್ರಯೋಗ ಮಾಡಿ ಪ್ರಕಟಿಸಿದ್ದಾರೆ. ಅವರ ಆಯ್ಕೆಯಲ್ಲೇ ಒಂದು ವಿವೇಕ ಇದೆ. ಸಿಗಡಿ ಕಿಲೋಗೆ ಬೆಲೆ ಹೆಚ್ಚು, ಭಾರತದ ಸಾಗರೋತ್ಪನ್ನ ರಫ್ತಿನಲ್ಲಿ ಅದರದ್ದೇ ಸಿಂಹಪಾಲು, ಕೆರೆಯಲ್ಲಿ ಸಾಕುವುದರಿಂದ ಪೂರೈಕೆಯೂ ಒಂದು ಹದಕ್ಕೆ ಬರುತ್ತದೆ. ಏಡಿ, ಮರುವಾಯಿ, ಸಿಂಪಿಯಂಥವಕ್ಕೆ ಚಿಪ್ಪು ಬಿಡಿಸುವ ಲಾಭ ಮೇಲೆ. ಇಂಥ ಕಡೆ ಕಿಲೋಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಖರ್ಚಾದರೆ ತಡೆದುಕೊಳ್ಳುತ್ತದೆ. ಬೂತಾಯಿಗೆ ಅದೇ ಖರ್ಚು ಹಾಕಿದರೆ ಬೂತಾಯಿ ತಿನ್ನುವವರ ಕೈಯಿಂದಲೇ ತಪ್ಪಿಹೋಗುತ್ತದೆ.

ನನ್ನ ಲೆಕ್ಕದಲ್ಲಿ ಇದು ಸಾಧ್ಯವಾಗುವುದು ಒಬ್ಬ ಉದ್ಯಮಿಯ ಕಾರ್ಖಾನೆಯಲ್ಲಲ್ಲ, ಹಿಟ್ಟಿನ ಗಿರಣಿಯ ಮಾದರಿಯಲ್ಲಿ. ಗಿರಣಿಗೆ ಯಾರು ಬೇಕಾದರೂ ಧಾನ್ಯ ತಂದು, ಕಿಲೋಗೆ ಇಷ್ಟು ಅಂತ ಕೊಟ್ಟು ಬೀಸಿಸಿಕೊಂಡು ಹೋಗುವುದಿಲ್ಲವೇ? ಅಮೆರಿಕದಲ್ಲಿ ಎಚ್‌ಪಿಪಿ ಹೀಗೆ ಬಾಡಿಗೆ ಲೆಕ್ಕದಲ್ಲಿ ಮಾಡಿಕೊಡುವ ಕೇಂದ್ರಗಳು ಎಷ್ಟೋ ಇವೆ. ಮಂಗಳೂರು ಉಡುಪಿ ನಡುವೆ ಅಂಥ ಒಂದು ಕೇಂದ್ರ, ಸೀಸನ್ನಿನಲ್ಲಿ ಸಿಗಡಿ ಏಡಿ, ನಿಷೇಧದ ಎರಡು ತಿಂಗಳು ಹಣ್ಣಿನ ರಸ, ಎಳನೀರು. ಮಹಿಳಾ ಮೀನುಗಾರರ ಸಹಕಾರಿ ಸಂಘಗಳು ನೂರು ಕಿಲೋ ಮಸಾಲೆ ಹಚ್ಚಿದ ಬಂಗುಡೆ ತಂದರೂ ಅದೇ ದರ. ಹಾಗಿದ್ದರೆ ಪ್ಯಾಕೆಟ್ಟಿನ ಲಾಭದ ಒಂದು ಪಾಲು ಬುಟ್ಟಿ ಹೊತ್ತವರ ಕಡೆಗೂ ಬಂದೀತು. ಇಲ್ಲದಿದ್ದರೆ ಇದು ಹೊರಗಿನ ದೊಡ್ಡ ಬ್ರಾಂಡುಗಳ ಆಟ, ದಕ್ಕೆಯವರಿಗೆ ಸಿಗುವುದು ಹರಾಜಿನ ದರ ಮಾತ್ರ.

2020ರಲ್ಲಿ ಕೇಂದ್ರ ಸರ್ಕಾರ 20,050 ಕೋಟಿ ರೂಪಾಯಿಯ ಮತ್ಸ್ಯ ಸಂಪದ ಯೋಜನೆ ಘೋಷಿಸಿತು. ಹಿಡಿದ ನಂತರದ ನಷ್ಟ ತಗ್ಗಿಸುವುದು ಅದರ ಘೋಷಿತ ಗುರಿಗಳಲ್ಲೊಂದು. ಇಂಥ ದುಡ್ಡಿನಲ್ಲಿ ಕರಾವಳಿಗೆ ಏನು ಮೊದಲು ಬರಬೇಕು ಅಂತ ಕೇಳಿದರೆ ನಾನು ಹೇಳುವ ಉತ್ತರ ಬೋರಿಂಗ್: ಬೋಟಿನಲ್ಲಿ ಸಾಕಷ್ಟು ಐಸ್ ಮತ್ತು ಇನ್ಸುಲೇಟೆಡ್ ಪೆಟ್ಟಿಗೆ, ದಕ್ಕೆಯಲ್ಲಿ ನೆರಳು, ಕರೆಂಟು ಹೋದರೂ ಮೈನಸ್ 18 ಬಿಟ್ಟು ಮೇಲೇರದ ಕೋಲ್ಡ್ ಸ್ಟೋರೇಜು. ಒತ್ತಡದ ಪಾತ್ರೆ ಇವೆಲ್ಲದರ ನಂತರದ ಸಾಲಿನಲ್ಲಿ. ಸಾಲಿನಲ್ಲಿ ಇದೆ, ಇಲ್ಲ ಅಂತಲ್ಲ.

ನಾಳೆ ಯಾವುದಾದರೂ ಬಂದರಿಗೆ ಎಚ್‌ಪಿಪಿ ಘಟಕ ಬರುತ್ತದೆ ಅಂತ ಸುದ್ದಿ ಬಂದರೆ, ಉದ್ಘಾಟನೆಯ ಫೋಟೊಗಿಂತ ಮೊದಲು ಯೋಜನಾ ವರದಿಯಲ್ಲಿ ನಾನು ಹುಡುಕುವುದು ಕೆಲವೇ ಸಾಲು. ಯಾವ ಮೀನಿಗೆ, ಎಷ್ಟು ಮೆಗಾಪಾಸ್ಕಲ್? ವರ್ಷಕ್ಕೆ ಎಷ್ಟು ದಿನ ಓಡುತ್ತದೆ ಅಂತ ಲೆಕ್ಕ ಹಿಡಿದಿದ್ದಾರೆ, 365 ಅಂತಲೋ, ನಿಷೇಧದ 61 ದಿನ ಕಳೆದೋ? ಬಂಗುಡೆ ಪಾತ್ರೆಯೊಳಗೆ ಹೋಗುವ ಮೊದಲು ಎಷ್ಟು ಗಂಟೆ ಐಸಿನಲ್ಲಿತ್ತು ಅಂತ ಬರೆದುಕೊಳ್ಳುವವರು ಯಾರು?